ಜೋರಾಗಿ ಅತ್ತರೆ ಅದು ಸುಳ್ಳು ಅಳುವೇ?

ಮಾನ್ಯ ಸಂಪಾದಕರೇ,

ನಮಸ್ಕಾರ. ಹೋದ ವಾರ ನಿಮ್ಮ ಪತ್ರಿಕೆಯ ಸಿನಿಮಾ ಪುಟದಲ್ಲಿ ಒಂದು ಲೇಖನ ಬಂದಿತ್ತು. ಹಿಂದಿನ ನಟರು ನಾಟಕದವರ ಹಾಗೆ ಕೂಗಾಡುತ್ತಿದ್ದರು, ಕಣ್ಣು ಕಿಸಿಯುತ್ತಿದ್ದರು, ಎದೆ ಬಡಿದುಕೊಂಡು ಅಳುತ್ತಿದ್ದರು. ಈಗಿನ ಪ್ರೇಕ್ಷಕರು ಬುದ್ಧಿವಂತರು, ಅವರಿಗೆ ಸಹಜ ಅಭಿನಯವೇ ಬೇಕು. ಇದು ಆ ಲೇಖನದ ಸಾರ. ಬರೆದವರು ಶ್ರದ್ಧೆಯಿಂದಲೇ ಬರೆದಿದ್ದಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ‘ನಾಟಕದವರ ಹಾಗೆ’ ಎಂಬ ಮಾತನ್ನು 4 ಸಲ ಬೈಗುಳದಂತೆ ಬಳಸಿದ್ದಾರೆ. ಓದಿ ನನಗೆ ಸಂಕಟವಾಯಿತು. ಎರಡು ದಿನ ಸುಮ್ಮನಿದ್ದೆ. ಇವತ್ತು ಬರೆಯಲೇಬೇಕು ಅನ್ನಿಸಿತು.

ನನಗೀಗ 70 ವರ್ಷ. 1970ರಿಂದ ಸುಮಾರು 30 ವರ್ಷ ಕಲಬುರಗಿಯಲ್ಲಿ ಸಿನಿಮಾ ಬ್ಯಾನರ್ ಬರೆದೆ. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತಿತು. ಅಂಗಡಿ ಬೋರ್ಡು, ಲಾರಿ ನಂಬರು ಬರೆದು ಉಳಿದ ದಿನ ದೂಡಿದೆ. ನಾನು ನಟನೆ ಕಲಿತವನಲ್ಲ. ಆದರೆ ನಟರ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಿದವರು ನಮ್ಮೂರಲ್ಲಿ ಜಾಸ್ತಿ ಜನ ಇರಲಿಕ್ಕಿಲ್ಲ. ಒಂದು ಮುಖಕ್ಕೆ ಒಂದು ಇಡೀ ದಿನ. ಅದರಲ್ಲಿ ಅರ್ಧ ದಿನ ಬರೀ ಕಣ್ಣಿಗೆ.

ಕೆಲಸ ಹೇಗಿತ್ತು ಅಂತ ಸ್ವಲ್ಪ ಹೇಳುತ್ತೇನೆ. ಹಂಚಿಕೆದಾರರ ಕಡೆಯಿಂದ ಅಂಗೈ ಅಗಲದ ಫೋಟೊಗಳು ಬರುತ್ತಿದ್ದವು. ಅವುಗಳ ಮೇಲೆ ಪೆನ್ಸಿಲಿನಿಂದ ಚೌಕ ಹಾಕುವುದು. ಮಂಜರಪಾಟ ಬಟ್ಟೆಯನ್ನು ಕಟ್ಟಿಗೆ ಚೌಕಟ್ಟಿಗೆ ಬಿಗಿದು, ಬಿಳಿ ಬಣ್ಣ ಬಳಿದು ಒಣಗಿಸುವುದು. ಅದರ ಮೇಲೆ ಖಡುವಿನಿಂದ, ಅಂದರೆ ಸೀಮೆಸುಣ್ಣದಿಂದ, ಅಷ್ಟೇ ಚೌಕ. ಫೋಟೊದ ಮೂರನೇ ಚೌಕದಲ್ಲಿ ಮೂಗಿನ ತುದಿ ಬಂದರೆ ಬಟ್ಟೆಯ ಮೂರನೇ ಚೌಕದಲ್ಲೂ ಅದೇ ಬರಬೇಕು. ಪುಡಿ ಬಣ್ಣಕ್ಕೆ ಅಗಸಿ ಎಣ್ಣೆ ಕಲಸಿ ಬರೆಯುತ್ತಿದ್ದೆವು. ಆ ವಾಸನೆ ಈಗಲೂ ಎಲ್ಲಾದರೂ ಬಂದರೆ ನಾನು ನಿಂತುಬಿಡುತ್ತೇನೆ.

ಮೊದಲ ಸಲ, ನನಗೆ ಕೆಲಸ ಕಲಿಸಿದ ಉಸ್ತಾದರು ನನಗೆ ನಾಯಕಿಯ ಮುಖ ಬರೆಯಲು ಬಿಟ್ಟಿದ್ದರು. ಅಳುವ ಮುಖ. ಫೋಟೊದಲ್ಲಿ ಇದ್ದ ಹಾಗೆಯೇ ಬರೆದೆ. ಕಣ್ಣಂಚಿನಲ್ಲಿ ತೆಳ್ಳಗೆ ನೀರು, ರೆಪ್ಪೆಯ ಕೆಳಗೆ ಸಣ್ಣ ನೆರಳು. ಹತ್ತಿರದಿಂದ ನೋಡಿದರೆ ಬಹಳ ಚೆಂದ ಬಂದಿತ್ತು. ಉಸ್ತಾದರು ಏನೂ ಅನ್ನಲಿಲ್ಲ. ಬ್ಯಾನರನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. ನನ್ನ ಕೈ ಹಿಡಿದು ರಸ್ತೆ ದಾಟಿಸಿ ಆ ಕಡೆ ಕರೆದೊಯ್ದರು. ‘ದೂರ್ ಸೆ ದೇಕ್ ರೇ’, ದೂರದಿಂದ ನೋಡೋ, ಅಂದರು. ನೋಡಿದೆ. ಅಲ್ಲಿ ಕಣ್ಣೂ ಇರಲಿಲ್ಲ, ನೀರೂ ಇರಲಿಲ್ಲ. ತೊಳೆದು ಒಣಹಾಕಿದ ಬಟ್ಟೆಯ ಹಾಗಿತ್ತು ಮುಖ.

ವಾಪಸ್ ಬಂದು ಅವರೇ ಕುಂಚ ತೆಗೆದುಕೊಂಡರು. ಮೂರು ಬೆರಳು ದಪ್ಪದ ಕುಂಚ. ಕಣ್ಣ ಕೆಳಗೆ ಕಡು ನೀಲಿಯ ಒಂದು ಗೆರೆ ಎಳೆದರು. ಕೆನ್ನೆಯ ಮೇಲೆ ಹೆಬ್ಬೆಟ್ಟಿನಷ್ಟು ಬಿಳಿ ಬಣ್ಣ ಒತ್ತಿದರು, ಅದರ ಬುಡಕ್ಕೆ ಒಂದು ಚೂರು ಹಳದಿ. ಹತ್ತಿರದಿಂದ ಅದು ಗಾಯದ ಹಾಗೆ ಕಾಣುತ್ತಿತ್ತು. ನನ್ನ ಚಿತ್ರ ಹಾಳಾಯಿತು ಅಂತ ಅಳು ಬಂತು. ಮತ್ತೆ ರಸ್ತೆ ದಾಟಿ ನೋಡಿದೆ. ಆ ಹೆಣ್ಣುಮಗಳು ಖರೇನೇ ಅಳುತ್ತಿದ್ದಳು. ಸೂಪರ್ ಮಾರ್ಕೆಟ್ ಕಡೆಯಿಂದ ಬುಟ್ಟಿ ಹೊತ್ತು ಬರುತ್ತಿದ್ದ ಒಬ್ಬ ಅಜ್ಜಿ ಅಲ್ಲೇ ನಿಂತು ತಲೆ ಎತ್ತಿ ನೋಡಿದರು.

ನಾನು ಹೇಳಬೇಕಾದದ್ದು ಇದನ್ನೇ. ದೊಡ್ಡದಾಗಿ ಮಾಡಿದ್ದೆಲ್ಲ ಸುಳ್ಳಲ್ಲ. ಯಾರು ಎಷ್ಟು ದೂರದಿಂದ ನೋಡುತ್ತಾರೆ ಎಂಬುದರ ಮೇಲೆ ಮುಖದ ಅಳತೆ ಬದಲಾಗುತ್ತದೆ.

ನಮ್ಮ ಶರಣಬಸವೇಶ್ವರರ ಜಾತ್ರೆಯಲ್ಲಿ ನಾಟಕ ಕಂಪನಿಗಳು ಕ್ಯಾಂಪ್ ಹಾಕುತ್ತಿದ್ದುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಹೋಳಿ ಆದ ಮೇಲಿನ ದಿನಗಳು. ತಗಡಿನ ಥಿಯೇಟರು, ಒಳಗೆ ಸೆಖೆ, ಹೊರಗೆ ತೊಟ್ಟಿಲು, ಭಜಿ ಅಂಗಡಿ, ಬಳೆ ಅಂಗಡಿ, ಮಕ್ಕಳ ಪೀಪಿ. ಆ ಗದ್ದಲದ ನಡುವೆ ಕೊನೆಯ ಸಾಲಿನಲ್ಲಿ ಕೂತ ಹಳ್ಳಿಯವನಿಗೆ ಮಾತು ತಲುಪಬೇಕು. ಚಿಕ್ಕವನಿದ್ದಾಗ ನಾನು ಕೂಡುತ್ತಿದ್ದದ್ದೂ ಅಲ್ಲೇ. ಅಲ್ಲಿಂದ ನಟನ ಹುಬ್ಬು ಕಾಣುವುದಿಲ್ಲ, ಕಾಣುವುದು ತೋಳು. ಪಿಸುಮಾತು ಕೇಳಿಸುವುದಿಲ್ಲ. ಪಿಸುಮಾತನ್ನೂ ಕೂಗಿಯೇ ಹೇಳಬೇಕು, ಆದರೂ ಅದು ಪಿಸುಮಾತು ಅಂತ ನಮಗೆ ಅನ್ನಿಸಬೇಕು. ಇದು ಎಷ್ಟು ಕಷ್ಟದ ವಿದ್ಯೆ! ಕಂಪನಿಯ ಒಳ್ಳೆಯ ನಟರಿಗೆ ಅದು ಬರುತ್ತಿತ್ತು. ಪೇಟಿಯ, ಅಂದರೆ ಹಾರ್ಮೋನಿಯಂನ, ಒಂದು ಸ್ವರ ಹಿಡಿದು ಮಾತನ್ನು ಮೇಲಕ್ಕೆ ಏರಿಸಿ, ಕೊನೆಯ ಅಕ್ಷರವನ್ನು ನಮ್ಮ ಸಾಲಿನವರೆಗೆ ತಂದು ಬಿಡುತ್ತಿದ್ದರು.

ಕನ್ನಡ ಸಿನಿಮಾ ಹುಟ್ಟಿದ್ದೇ ಆ ಕಂಪನಿಗಳ ಮಡಿಲಲ್ಲಿ. 1934ರಲ್ಲಿ ಬಂದ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ದ ನಾಯಕ ಸುಬ್ಬಯ್ಯ ನಾಯ್ಡು ರಂಗಭೂಮಿಯವರು. 1954ರ ‘ಬೇಡರ ಕಣ್ಣಪ್ಪ’ದ ರಾಜಕುಮಾರ್ ಗುಬ್ಬಿ ವೀರಣ್ಣನವರ ಕಂಪನಿಯಿಂದ ಬಂದವರು. ಅವರ ತಂದೆಯೂ ಅಲ್ಲೇ ನಟರು. ಎಲ್ಲರೂ ಕೊನೆಯ ಸಾಲನ್ನು ಎದೆಯಲ್ಲಿಟ್ಟುಕೊಂಡೇ ಕ್ಯಾಮೆರಾ ಮುಂದೆ ನಿಂತರು. ಮುಂದೆ ಶೂಟಿಂಗಿನಲ್ಲಿ ಕ್ಯಾಮೆರಾ ಗರಗರ ಅನ್ನುತ್ತಿತ್ತು, ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ಹೇಳಿ ಸೇರಿಸುತ್ತಿದ್ದರು. ಬಾಯಿ ಸರಿಯಾಗಿ ತೆರೆದು ಮಾತಾಡದಿದ್ದರೆ ಡಬ್ಬಿಂಗ್ ಕೂಡುತ್ತಿರಲಿಲ್ಲ. ಗೊಣಗುವ ಸವಲತ್ತು ಆಗಿನ ನಟರಿಗೆ ಇರಲೇ ಇಲ್ಲ.

ಹಾಗಂತ ಅವರಿಗೆ ಮೆಲ್ಲಗೆ ಅಭಿನಯಿಸಲು ಬರುತ್ತಿರಲಿಲ್ಲ ಅನ್ನುವುದು ತಪ್ಪು. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜಕುಮಾರ್ ಹಿರಣ್ಯಕಶಿಪು. ಆ ಗರ್ಜನೆ ಯಾರಿಗೆ ಮರೆತಿದೆ? ಹಿರಣ್ಯಕಶಿಪು ಮೆಲ್ಲಗೆ ಮಾತಾಡಿದರೆ ಕಂಬ ಯಾಕೆ ಒಡೆಯಬೇಕು ಹೇಳಿ. ಅದೇ ಮನುಷ್ಯ 1971ರ ‘ಕಸ್ತೂರಿ ನಿವಾಸ’ದಲ್ಲಿ ಎಲ್ಲ ಕಳೆದುಕೊಂಡ ಮೇಲೂ ದನಿ ಏರಿಸುವುದಿಲ್ಲ. ಆ ಚಿತ್ರದ ಬ್ಯಾನರಿಗೆ ನಾನು ಉಸ್ತಾದರ ಕೈಕೆಳಗೆ ಬಣ್ಣ ಕಲಸಿದ್ದೆ. ಫೋಟೊದಲ್ಲಿ ತುಟಿ ಮುಚ್ಚಿದೆ, ಕಣ್ಣು ಎಲ್ಲೋ ದೂರ ನೋಡುತ್ತಿದೆ. ಉಸ್ತಾದರು ಬಹಳ ಹೊತ್ತು ಫೋಟೊ ಹಿಡಿದು ಕೂತಿದ್ದರು. ಕೊನೆಗೆ ಆ ಮುಖಕ್ಕೆ ಕಡು ಬಣ್ಣವನ್ನೇ ಹಚ್ಚಲಿಲ್ಲ. ಸುತ್ತಲಿನ ಎಲ್ಲವನ್ನೂ ಕಪ್ಪು ಮಾಡಿ ಮುಖವನ್ನು ಮಾತ್ರ ಬೆಳಕಿನಲ್ಲಿ ಬಿಟ್ಟರು.

ಇನ್ನೊಂದು ನೆನಪು ‘ಮೊಘಲ್-ಎ-ಆಝಮ್’ದು. ಚಿತ್ರ 1960ರದು. ನಮ್ಮಲ್ಲಿ ಅದು ಎಷ್ಟೋ ವರ್ಷ ಮತ್ತೆ ಮತ್ತೆ ಬರುತ್ತಿತ್ತು. ಹೈದರಾಬಾದ್ ಸೀಮೆಯಾಗಿದ್ದ ಊರು ನಮ್ಮದು, ಉರ್ದು ಮಾತು ಕೇಳಲು ಜನ ಬರುತ್ತಿದ್ದರು. ಅಕ್ಬರನಾಗಿ ಪೃಥ್ವಿರಾಜ್ ಕಪೂರ್. ಅವರು ಪೂರ್ತಿ ನಾಟಕದ ಮನುಷ್ಯ, ಸ್ವಂತ ನಾಟಕ ಕಂಪನಿ ನಡೆಸಿದವರು. ಸಲೀಮನಾಗಿ ದಿಲೀಪ್ ಕುಮಾರ್. ಅವರು ದನಿ ತಗ್ಗಿಸಿ ಕೇಳುವವರನ್ನು ಹತ್ತಿರ ಎಳೆದುಕೊಳ್ಳುವವರು. ಎರಡು ರೀತಿಯ ನಟನೆ ಒಂದೇ ಪರದೆಯ ಮೇಲೆ ಎದುರುಬದುರು ನಿಲ್ಲುತ್ತವೆ. ಒಬ್ಬರು ದೊಡ್ಡವರು, ಇನ್ನೊಬ್ಬರು ಸಣ್ಣವರು ಅಂತ ನಮಗೆ ಯಾರಿಗೂ ಅನ್ನಿಸಲಿಲ್ಲ. ಬಾದಶಹ ಹಾಗೇ ಮಾತಾಡಬೇಕು, ಪ್ರೀತಿಯಲ್ಲಿ ಬಿದ್ದ ಮಗ ಹೀಗೇ ಮಾತಾಡಬೇಕು. ಅಪ್ಪ ಮಗನ ಜಗಳ ಇರುವುದೇ ಆ ಎರಡು ದನಿಗಳಲ್ಲಿ. ಪೃಥ್ವಿರಾಜರ ಮುಖ ನಾನು ಬೇಗ ಮುಗಿಸಿದೆ. ದಿಲೀಪರ ಕಣ್ಣು ಕೆಳಗೆ ನೋಡುತ್ತಿತ್ತು, ಅದು ಬರಲೇ ಇಲ್ಲ. ‘ಕಣ್ಣು ಬರೀಬೇಡ, ರೆಪ್ಪೆ ಬರಿ’ ಅಂದರು ಉಸ್ತಾದರು. ರೆಪ್ಪೆ ಬರೆದೆ, ಕಣ್ಣು ತಾನಾಗಿ ಬಂತು.

ಈಗ ಸಹಜ ಅನ್ನುವ ಮಾತಿಗೆ ಬರುತ್ತೇನೆ. ಯಾರಿಗೆ ಸಹಜ?

1981ರಲ್ಲಿ ನಮ್ಮ ತಂದೆ ತೀರಿಕೊಂಡರು. ಆಗ ಮನೆಯವರೆಲ್ಲ ಊರಲ್ಲಿದ್ದರು, ಜೇವರ್ಗಿ ತಾಲ್ಲೂಕಿನ ಸಣ್ಣ ಹಳ್ಳಿ. ನಮ್ಮ ಕಡೆ ಹೆಂಗಸರು ಹಾಡ್ಯಾಡಿಕೊಂಡು ಅಳುತ್ತಾರೆ. ಓದುಗರಲ್ಲಿ ಬಹಳ ಜನಕ್ಕೆ ಇದು ಗೊತ್ತಿರಬಹುದು. ಅವ್ವ ಹೆಣದ ತಲೆದೆಸೆಯಲ್ಲಿ ಕೂತು, ಸೆರಗು ಬಾಯಿಗೆ ಹಿಡಿದು, ಒಂದೇ ಧಾಟಿಯಲ್ಲಿ ಅವರ ಇಡೀ ಸಂಸಾರ ಹಾಡಿದಳು. ಮದುವೆಯಾದ ವರ್ಷ ಬರ ಬಿದ್ದದ್ದು, ಎತ್ತು ಮಾರಿದ್ದು, ಅಪ್ಪ ಸಿಟ್ಟಿನಿಂದ ಊಟ ಬಿಟ್ಟು ಎದ್ದು ಹೋದ ದಿನ, ಜಾತ್ರೆಯಲ್ಲಿ ಕೊಡಿಸಿದ ಹಸಿರು ಬಳೆ. ‘ಜ್ವಾಳದ ರಾಶಿ ಮನಿಗಿ ಬರೋದ್ರಾಗ ಹೊಂಟ್ಯಲ್ಲೋ’ ಅಂತ ಪ್ರತಿ ಸಾಲಿನ ಕೊನೆಗೆ ಎದೆ ಬಡಿದುಕೊಳ್ಳುತ್ತಿದ್ದಳು. ನಡುವೆ ಒಂದು ಸಲ ಅಳು ನಿಲ್ಲಿಸಿ, ಬಾಗಿಲಲ್ಲಿ ನಿಂತಿದ್ದ ನನ್ನ ತಮ್ಮನ ಕಡೆ ತಿರುಗಿ ‘ಎಮ್ಮಿಗಿ ನೀರ್ ಕುಡಿಸೀರೇನ್?’ ಅಂತ ಕೇಳಿದಳು. ಅವನು ಹೂಂ ಅಂದ. ಮತ್ತೆ ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ, ಅದೇ ಧಾಟಿಯಲ್ಲಿ ಹಿಡಿದಳು.

ಇದನ್ನು ಯಾವ ನಟಿಯಾದರೂ ಪರದೆಯ ಮೇಲೆ ಮಾಡಿದರೆ ನಿಮ್ಮ ಲೇಖಕರು ಏನು ಬರೆಯುತ್ತಿದ್ದರು? ಅತಿಯಾಯಿತು ಅನ್ನುತ್ತಿದ್ದರು. ಆದರೆ ಅವ್ವನ ಅಳುವಿನಲ್ಲಿ ಒಂದು ಕೂದಲೆಳೆಯಷ್ಟೂ ಸುಳ್ಳಿರಲಿಲ್ಲ. ಎದೆ ಬಡಿದುಕೊಳ್ಳುವುದೂ ಎಮ್ಮೆಗೆ ನೀರು ಕೇಳುವುದೂ ಒಂದೇ ಹೆಂಗಸಿನೊಳಗೆ ಇದ್ದವು. ಮೊಹರಂನಲ್ಲಿ ನಮ್ಮ ಹಳ್ಳಿಗಳಲ್ಲಿ ಅಲಾಯಿ ಬೆಂಕಿ ಕುಣಿಯ ಮುಂದೆ ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರಲ್ಲ, ಹಿಂದೂಗಳೂ ಮುಸಲ್ಮಾನರೂ ಕೂಡಿ. ಅಲ್ಲೂ ದುಃಖ ದನಿ ಏರಿಸಿಕೊಂಡೇ ಬರುತ್ತದೆ. ಕಿಟಕಿಯ ಹೊರಗೆ ಸುಮ್ನೆ ನೋಡುತ್ತಾ ಕೂತು ದುಃಖಪಡುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅದು ಒಂದು ತರಹದ ಮನೆಯ ರೀತಿ. ಅದೊಂದೇ ಸಹಜ, ಉಳಿದದ್ದೆಲ್ಲ ನಾಟಕ ಅಂದರೆ ನಮ್ಮ ಅವ್ವಂದಿರನ್ನು ಸುಳ್ಳುಗಾರರು ಅಂದ ಹಾಗೆ ಆಗುತ್ತದೆ. ನನಗೆ ನೋವಾದದ್ದು ಅಲ್ಲಿ.

ಸಹಜ ಚಿತ್ರಗಳನ್ನು ಮಾಡಿದ ದೊಡ್ಡವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯನ್ನು ಒಂದು ಸಲ ಇಲ್ಲಿ ಕಾಲೇಜಿನವರು ತೋರಿಸಿದ್ದರು. 1955ರ ಚಿತ್ರ. ಮಗಳು ದುರ್ಗಾ ಸತ್ತಿರುವುದು ಗೊತ್ತಿಲ್ಲದೆ ಅಪ್ಪ ದೂರದಿಂದ ಬರುತ್ತಾನೆ. ಅವಳಿಗೆ ತಂದ ಸೀರೆಯನ್ನು ತಾಯಿಯ ಕೈಗೆ ಕೊಡುತ್ತಾನೆ. ತಾಯಿ ಅದನ್ನು ಹಿಡಿದು ಒಡೆದು ಬೀಳುತ್ತಾಳೆ. ಅವಳ ಬಾಯಿ ತೆರೆಯುತ್ತದೆ, ಅಳುವಿನ ಸದ್ದು ಮಾತ್ರ ನಮಗೆ ಕೇಳಿಸುವುದಿಲ್ಲ. ಅದರ ಜಾಗದಲ್ಲಿ ತಾರ್ ಶಹನಾಯಿ ಎಂಬ ತಂತಿವಾದ್ಯ ಎತ್ತರದ ಸ್ವರದಲ್ಲಿ ಕಿರುಚುತ್ತದೆ. ಆ ಜಾಗದಲ್ಲಿ ಮನುಷ್ಯರ ದನಿ ಸಾಲದು ಅಂತ ರಾಯ್ ಅವರಿಗೆ ಅನ್ನಿಸಿರಬೇಕು, ಇದು ನನ್ನ ಊಹೆ. ನನಗಂತೂ ಉಸ್ತಾದರು ಒತ್ತಿದ ಆ ಬಿಳಿ ಬಣ್ಣದ ಹನಿ ನೆನಪಾಯಿತು.

‘ಚೋಮನ ದುಡಿ’ಯೂ ಹಾಗೆ. 1975. ಎಂ.ವಿ. ವಾಸುದೇವರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದ ಚಿತ್ರ. ಚೋಮ ಎಲ್ಲವನ್ನೂ ಕಳೆದುಕೊಂಡು ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾನೆ. ಅಳುವೆಲ್ಲ ದುಡಿಗೆ ಹೋಗುತ್ತದೆ. ಅದನ್ನು ನಿರ್ದೇಶಿಸಿದ ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ್ದವರು! ಕಂಪನಿ ನಾಟಕದ ಅನ್ನ ಉಂಡ ಕೈಯೇ ಆ ಚಿತ್ರ ಮಾಡಿತು. ಒಂದಕ್ಕೊಂದು ವಿರೋಧ ಅಂತ ಅವರಿಗೆ ಅನ್ನಿಸಿರಲಿಲ್ಲ. ನಮಗೆ ಯಾಕೆ ಅನ್ನಿಸಬೇಕು?

1974ರ ‘ಅಂಕುರ್’ ಬಗ್ಗೆ ಹೇಳದೆ ಇರಲಾರೆ. ಶ್ಯಾಮ್ ಬೆನಗಲ್ ಅವರದು. ಶಬಾನಾ ಆಜ್ಮಿ ಅವರ ಮೊದಲ ಚಿತ್ರ. ನಮ್ಮ ಅನಂತನಾಗ್ ಜಮೀನ್ದಾರನ ಮಗ. ನನಗೆ ಆಗ 19-20 ವರ್ಷ. ಚಿತ್ರ ಶುರುವಾದಾಗ ನಾನು ಬೆಚ್ಚಿದೆ. ಯಾಕಂದರೆ ಪರದೆಯ ಮೇಲಿನವರು ನಮ್ಮ ಬಜಾರಿನ ದಖನಿ ಉರ್ದು ಮಾತಾಡುತ್ತಿದ್ದರು. ನಮ್ಮ ಉಸ್ತಾದರ ಮಾತು, ಟಾಂಗಾದವರ ಮಾತು. ಚಿತ್ರದ ಉದ್ದಕ್ಕೂ ಎಲ್ಲ ಮೆಲ್ಲಗೆ. ಶಬಾನಾ ಮಾಡಿದ ಕೆಲಸದಾಕೆ ಲಕ್ಷ್ಮಿ ಕಸ ಗುಡಿಸುತ್ತಾಳೆ, ಚಹಾ ಕೊಡುತ್ತಾಳೆ, ತಲೆ ಎತ್ತುವುದಿಲ್ಲ. ಕೊನೆಗೆ ಮಾತು ಬಾರದ ಗಂಡನನ್ನು ಧಣಿ ಚಾಟಿಯಿಂದ ಹೊಡೆದಾಗ ಅವಳ ಬಾಯಿ ಬಿಚ್ಚುತ್ತದೆ. ಅವಳು ಹಾಕುವ ಆ ಶಾಪ, ಆ ಕೂಗು! ಅಷ್ಟು ಹೊತ್ತಿನ ಮೌನಕ್ಕೆ ಅರ್ಥ ಬಂದದ್ದೇ ಆ ಕೂಗಿನಿಂದ. ಆಮೇಲೆ ಒಬ್ಬ ಹುಡುಗ ಧಣಿಯ ಕಿಟಕಿಗೆ ಕಲ್ಲು ಎಸೆಯುತ್ತಾನೆ. ಥಿಯೇಟರಿನಲ್ಲಿ ಸೀಟಿ ಬಿತ್ತು.

ಹಳೆಯದೆಲ್ಲ ಹೊನ್ನು ಅಂತ ನಾನು ಹೇಳುತ್ತಿಲ್ಲ. ಸುಳ್ಳು ಮುಖಗಳನ್ನು ನಾನೇ ಎಷ್ಟೋ ಬರೆದಿದ್ದೇನೆ. ಗ್ಲಿಸರಿನ್ ಹಾಕಿದ ಕಣ್ಣು ಫೋಟೊದಲ್ಲೇ ಗೊತ್ತಾಗುತ್ತಿತ್ತು. ಕೆನ್ನೆ ಒದ್ದೆ, ಹಣೆಯಲ್ಲಿ ಮಾತ್ರ ಒಂದು ಗೆರೆಯೂ ಇಲ್ಲ. ಅಳುವವರ ಹಣೆ ಸುಮ್ಮನೆ ಇರುವುದಿಲ್ಲ, ಗದ್ದವೂ ನಡುಗುತ್ತದೆ. ಅಂಥ ಮುಖಕ್ಕೆ ಎಷ್ಟು ನೀಲಿ ಹಚ್ಚಿದರೂ ರಸ್ತೆಯ ಆ ಕಡೆಯಿಂದ ಅದು ಅಳುತ್ತಿರಲಿಲ್ಲ. ತಂಗಿಯನ್ನು ಕೆಡಿಸುವುದು, ಅಣ್ಣ ಕೂಗುವುದು, ತಾಯಿ ಮೆಟ್ಟಿಲಿನಿಂದ ಉರುಳುವುದು, ಇವನ್ನು ಕಥೆಗೆ ಬೇಕಿದ್ದರೂ ಬೇಡದಿದ್ದರೂ ತುರುಕಿದ ಚಿತ್ರಗಳು ಬಂದವು. ಜನರಿಗೆ ಬೇಸರ ಬಂದದ್ದು ಅವುಗಳಿಂದ. ಆದರೆ ವಜ್ರಮುನಿಯವರ ಮುಖ ಬರೆಯುವ ದಿನ ನನಗೆ ಹಬ್ಬ. ಹುಬ್ಬು, ಮೂಗಿನ ಹೊಳ್ಳೆ, ಕುತ್ತಿಗೆಯ ನರ ಎಲ್ಲ ಒಂದೇ ಕಡೆಗೆ ಎಳೆಯುತ್ತಿದ್ದವು. ದೊಡ್ಡದು, ಆದರೆ ಒಂದು ಗೆರೆಯೂ ದಂಡವಲ್ಲ.

ಈಗಿನ ಮೆಲ್ಲಗಿನ ನಟನೆಯಲ್ಲೂ ಸುಳ್ಳಿದೆ. ಮುಖದಲ್ಲಿ ಏನೂ ತೋರಿಸದೆ ಗೋಡೆ ನೋಡಿದರೆ ಆಳ ಅಂದುಕೊಳ್ಳುತ್ತಾರೆ. ಮಾತನ್ನು ಹಲ್ಲಿನೊಳಗೇ ನುಂಗುತ್ತಾರೆ. ಹೋದ ವರ್ಷ ಥಿಯೇಟರಿನಲ್ಲಿ ನನ್ನ ಹಿಂದಿನ ಸಾಲಿನವರು ನಾಲ್ಕು ಸಲ ‘ಏನಂದ ಅಂವ?’ ಅಂತ ಒಬ್ಬರನ್ನೊಬ್ಬರು ಕೇಳಿದರು. ಅವರು ಬುದ್ಧಿ ಇಲ್ಲದವರಲ್ಲ. ರೊಕ್ಕ ಕೊಟ್ಟು ಬಂದವರು. ಅವರಿಗೆ ಮಾತು ತಲುಪಲಿಲ್ಲ, ಅಷ್ಟೇ.

ಅಭಿರುಚಿ ಬದಲಾಗಿರುವುದು ಖರೆ. ನಮ್ಮ ಮನೆಯಲ್ಲೇ ನೋಡುತ್ತಿದ್ದೇನೆ. ನನ್ನ ಮೊಮ್ಮಗಳು ಇಂಜಿನಿಯರಿಂಗ್ ಓದುತ್ತಾಳೆ. ಕೊರೊನಾ ಕಾಲದಲ್ಲಿ ಮನೆಯಲ್ಲಿ ಕೂತು ಮಲಯಾಳಂ ಚಿತ್ರ ನೋಡುವುದು ಕಲಿತಳು. ಫಹಾದ್ ಫಾಸಿಲ್ ಅಂದರೆ ಪ್ರಾಣ. ನನ್ನನ್ನೂ ಕೂರಿಸಿಕೊಂಡು ತೋರಿಸಿದಳು. ಆ ಹುಡುಗನ ಕಣ್ಣು ನೋಡಿ ನಾನು ಬೆರಗಾದೆ. ರೆಪ್ಪೆ ಒಂದು ಎಳೆಯಷ್ಟು ಅಲುಗಿದರೆ ಭಯ ಹುಟ್ಟಿಸುತ್ತಾನೆ. ಬದಲಿಗೆ ನಾನು ಅವಳ ಫೋನಿನಲ್ಲಿ ಒಂದು ಹಳೆಯ ಚಿತ್ರದ ದೃಶ್ಯ ಹಾಕಿಸಿದೆ, ಬಹಳ ಪ್ರೀತಿಯ ದೃಶ್ಯ. ಅರ್ಧ ನಿಮಿಷ ನೋಡಿ ಅವಳು ‘ಮುತ್ಯಾ, ಯಾಕ ಇಷ್ಟ ವದರ್ಲತ್ತಾನ ಇಂವ?’ ಅಂದಳು. ನಾನೂ ನೋಡಿದೆ. ಅವಳು ಹೇಳಿದ್ದು ಸರಿ ಇತ್ತು. ಅಂಗೈಯಲ್ಲಿ ಹಿಡಿದ ಆ ಚೂರು ಪರದೆಯಲ್ಲಿ, ಕಿವಿಯೊಳಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ, ಅದು ಸಣ್ಣ ಕೋಣೆಯಲ್ಲಿ ಯಾರೋ ಮೈಮೇಲೆ ಬಂದು ಕೂಗಿದ ಹಾಗಿತ್ತು. ಬ್ಯಾನರನ್ನು ಒಂದು ಮೊಳ ದೂರದಿಂದ ನೋಡಿದರೆ ಗಾಯದ ಹಾಗೆ ಕಾಣುತ್ತದೆ ಅಂದೆನಲ್ಲ, ಹಾಗೆ.

ಪ್ರೇಕ್ಷಕರು ಬುದ್ಧಿವಂತರಾದರು ಅನ್ನುವುದಕ್ಕಿಂತ ಹತ್ತಿರ ಬಂದರು ಅನ್ನುವುದು ಸರಿ, ಅಲ್ವಾ? ನಮ್ಮಪ್ಪ ಹತ್ತಿಪ್ಪತ್ತು ಮಾರು ದೂರದಿಂದ ನಾಟಕ ನೋಡಿದ. ನಾನು ಗಾಂಧಿ ಕ್ಲಾಸಿನಲ್ಲಿ ಕೂತು, ಎದುರಿಗೆ ಮನೆಯಷ್ಟು ಎತ್ತರದ ಮುಖ ನೋಡಿದೆ. ಇವಳು ಮಲಗಿಕೊಂಡು ಎದೆಯ ಮೇಲೆ ಫೋನ್ ಇಟ್ಟುಕೊಂಡು ನೋಡುತ್ತಾಳೆ.

ಅದೇ ಮೊಮ್ಮಗಳು 2022ರಲ್ಲಿ ‘ಕಾಂತಾರ’ವನ್ನು ಥಿಯೇಟರಿನಲ್ಲಿ ನೋಡಿ ಬಂದು ಎರಡು ದಿನ ಮಾತಾಡಲಿಲ್ಲ. ನನ್ನನ್ನು ಕರೆದುಕೊಂಡು ಮತ್ತೊಮ್ಮೆ ಹೋದಳು. ಕೊನೆಯ ಭಾಗದಲ್ಲಿ ದೈವ ಮೈಮೇಲೆ ಬಂದಾಗ ರಿಷಬ್ ಶೆಟ್ಟಿ ಹಾಕುವ ಕೂಗು, ಆ ಕಣ್ಣು, ಆ ಕುಣಿತ. ಅದರಲ್ಲಿ ಮೆಲ್ಲಗಿನದು ಏನಿತ್ತು? ಆದರೂ ಇಡೀ ಥಿಯೇಟರು ಉಸಿರು ಹಿಡಿದು ಕೂತಿತ್ತು. ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ ಬಂತು. ‘ತಿಥಿ’ ಚಿತ್ರವನ್ನೂ ಅವಳು ಅಷ್ಟೇ ಪ್ರೀತಿಯಿಂದ ನೋಡಿದ್ದಾಳೆ. ಅದರಲ್ಲಿ ಮಂಡ್ಯ ಸೀಮೆಯ ಹಳ್ಳಿಯವರೇ ನಟರು. ಗಡ್ಡಪ್ಪ ಸುಮ್ನೆ ನಡೆದುಕೊಂಡು ಹೋಗುತ್ತಾರೆ, ನೋಡುತ್ತಲೇ ಇರಬೇಕು ಅನ್ನಿಸುತ್ತದೆ. ಎರಡಕ್ಕೂ ಅವಳ ಮನಸ್ಸಿನಲ್ಲಿ ಜಾಗ ಇದೆ. ಉಮಾಶ್ರೀಯವರನ್ನೇ ನೋಡಿ. ಹಾಸ್ಯದ ಪಾತ್ರಗಳಲ್ಲಿ ಅವರ ಗಟ್ಟಿ ದನಿಗೆ ನಕ್ಕವರು ನಾವೇ. 2008ರ ‘ಗುಲಾಬಿ ಟಾಕೀಸ್’ನಲ್ಲಿ ಸಿನಿಮಾ ಹುಚ್ಚಿನ ಸೂಲಗಿತ್ತಿಯಾಗಿ ಎಷ್ಟು ತಣ್ಣಗೆ ಮಾಡಿದರು, ರಾಷ್ಟ್ರಪ್ರಶಸ್ತಿ ತಂದರು. ನಾಟಕದಿಂದ ಬಂದವರೇ ಅವರೂ.

ಸಹಜತೆಯ ಬಗ್ಗೆ ಇಷ್ಟು ಮಾತಾಡುವವರಲ್ಲಿ ನನ್ನದೊಂದು ಬೇಡಿಕೆ ಇದೆ. ಸಹಜ ಅನ್ನುವುದು ಮೊದಲು ನಾಲಿಗೆಯಿಂದ ಶುರುವಾಗಬೇಕು. ಮಂಡ್ಯದ ಮಾತು ಪರದೆಗೆ ಬಂತು, ಕರಾವಳಿಯ ಮಾತು ಬಂತು, ಸಂತೋಷ. ನಮ್ಮ ಕಲಬುರಗಿ-ಬೀದರ ಕನ್ನಡ? ನಾನು ನೋಡಿದ ಮಟ್ಟಿಗೆ ಅದು ನಗಿಸುವವನ ಬಾಯಲ್ಲಿ ಇಲ್ಲವೇ ರೌಡಿಯ ಬಾಯಲ್ಲಿ ಬರುತ್ತದೆ. ಅದೂ ಸರಿಯಾಗಿ ಅಲ್ಲ. ನಾವು ‘ಮಾಡ್ಲತ್ತೀನಿ’ ಅನ್ನುವವರು. ಅವರು ನಮ್ಮವರ ಬಾಯಲ್ಲಿ ‘ಮಾಡಾಕತ್ತೇನಿ’ ಅನ್ನಿಸುತ್ತಾರೆ. ಅದು ಧಾರವಾಡದ ಕಡೆಯದು, ಒಳ್ಳೆಯ ಮಾತೇ, ಆದರೆ ನಮ್ಮದಲ್ಲ. ಉರ್ದು, ಮರಾಠಿ, ತೆಲುಗು ಎಲ್ಲ ಕೂಡಿ ಹದವಾದ ನಮ್ಮ ಮಾತಿನಲ್ಲಿ ಒಬ್ಬಳು ಅವ್ವ ದುಃಖ ತೋಡಿಕೊಳ್ಳುವುದನ್ನು ನಾನು ಕನ್ನಡ ಪರದೆಯ ಮೇಲೆ ಇನ್ನೂ ನೋಡಿಲ್ಲ. ನೋಡಬೇಕು ಅಂತ ಬಹಳ ಆಸೆ ಇದೆ. ಕಲಬುರಗಿಯಲ್ಲಿ ಸರ್ಕಾರದ ನಾಟಕ ಸಂಸ್ಥೆ ರಂಗಾಯಣ ಇದೆ, ಒಳ್ಳೆಯ ಹುಡುಗ ಹುಡುಗಿಯರು ಅಲ್ಲಿ ನಾಟಕ ಮಾಡುತ್ತಾರೆ. ಬೆಂಗಳೂರಿನ ನಿರ್ದೇಶಕರು ಒಮ್ಮೆ ಬಂದು ನೋಡಲಿ.

ಇಲ್ಲಿ ನಾಟಕ ನಡೆಯುವ ರಂಗಮಂದಿರಗಳಲ್ಲಿ ಒಂದಕ್ಕೆ ಡಾ. ಎಸ್.ಎಂ. ಪಂಡಿತರ ಹೆಸರಿದೆ. ಪಂಡಿತರು 1916ರಲ್ಲಿ ಇದೇ ಊರಲ್ಲಿ ಹುಟ್ಟಿ, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರುಗಳನ್ನೂ ಪತ್ರಿಕೆಗಳ ಮುಖಪುಟಗಳನ್ನೂ ಬರೆದವರು. ಅವರು ಬರೆದ ದೇವರುಗಳ ಕ್ಯಾಲೆಂಡರ್ ಚಿತ್ರಗಳು ದೇಶದ ಎಷ್ಟೋ ಮನೆಗಳ ಗೋಡೆಯ ಮೇಲೆ ಇದ್ದವು. ನಮ್ಮಂಥ ಬ್ಯಾನರ್ ಪೇಂಟರುಗಳಿಗೆ ಅವರೇ ಗುರು. ಅವರ ಚಿತ್ರದ ಭೀಮನ ತೋಳು ಯಾವ ಮನುಷ್ಯನಿಗೂ ಇರುವುದಿಲ್ಲ. ಅವರ ಮೇನಕೆಯ ಕಣ್ಣು ಯಾವ ಹೆಣ್ಣಿಗೂ ಇಲ್ಲ. ಆ ತೋಳಿನ ಒಂದೊಂದು ಸ್ನಾಯುವೂ ಮಾತ್ರ ಎಲ್ಲಿರಬೇಕೋ ಅಲ್ಲೇ ಇರುತ್ತದೆ. ಮನುಷ್ಯನ ಮೈಯನ್ನು ಚೆನ್ನಾಗಿ ಬಲ್ಲವನು ಮಾತ್ರ ಅದನ್ನು ಅಷ್ಟು ಹಿಗ್ಗಿಸಬಲ್ಲ. ಕಂಪನಿಯ ದೊಡ್ಡ ನಟರೂ ಹಾಗೆಯೇ ದುಃಖವನ್ನು ಬಲ್ಲವರಾಗಿದ್ದರು.

ಸಂಪಾದಕರೇ, ನಿಮ್ಮ ಲೇಖಕರಿಗೆ ಈ ಪತ್ರ ತೋರಿಸಿ. ಮುಂದಿನ ಜಾತ್ರೆಗೆ ಯಾವುದಾದರೂ ಕಂಪನಿ ಕ್ಯಾಂಪ್ ಹಾಕಿದರೆ ಅವರು ಕಲಬುರಗಿಗೆ ಬರಲಿ. ಊಟ, ವಸತಿ ನಮ್ಮ ಮನೆಯಲ್ಲೇ. ಮೊಮ್ಮಗಳೂ ಜೊತೆಗೆ ಬರುತ್ತೇನೆ ಅಂದಿದ್ದಾಳೆ. ಮೂರೂ ಟಿಕೆಟ್ ನಾನು ತೆಗೆಯುತ್ತೇನೆ, ಕೊನೆಯ ಸಾಲಿನವು.

ಇಂತಿ ನಿಮ್ಮ ಓದುಗ,
ಒಬ್ಬ ಹಳೆಯ ಬ್ಯಾನರ್ ಪೇಂಟರ್,
ಶಹಾಬಜಾರ, ಕಲಬುರಗಿ